ಆಕಾಶದ ಕಣ್ಣು, ಹೊಲದ ಕಣ್ಣು

ಹಾಸನದಿಂದ ಸಾಲಗಾಮೆಯ ಕಡೆಗೆ ಹೋಗುವ ರಸ್ತೆಯಲ್ಲಿ ಸಂಚರಿಸುವವರಿಗೆಲ್ಲ ಒಂದು ನೋಟ ಚಿರಪರಿಚಿತವಾದುದು. ದೊಡ್ಡ ಬೋಗುಣಿಗಳಂತೆ ಆಕಾಶದತ್ತ ಮುಖವೆತ್ತಿ ನಿಂತಿರುವ ಬಿಳಿಯ ಆಂಟೆನಾಗಳ ನೋಟವದು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 1982ರಲ್ಲಿ ಇಲ್ಲಿ ಸ್ಥಾಪಿಸಿದ ಉಪಗ್ರಹ ನಿಯಂತ್ರಣ ಕೇಂದ್ರವನ್ನು ನಮ್ಮ ಜನ ‘ಎಂ.ಸಿ.ಎಫ್.’ ಎಂದೇ ಕರೆಯುತ್ತಾರೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯೊಡನೆ ಸಮನಾಗಿ ಸುತ್ತುತ್ತ, ನಮ್ಮ ನೆತ್ತಿಯ ಮೇಲೆ ನಿಂತಲ್ಲಿಯೇ ನಿಂತಂತಿರುವ ಉಪಗ್ರಹಗಳನ್ನು ಅವುಗಳ ನೆಲೆ ತಪ್ಪದಂತೆ ಕಾಯುವ ಕೆಲಸ ಇಲ್ಲಿ ಹಗಲಿರುಳೂ ನಡೆಯುತ್ತದೆ. ನಮ್ಮ ಜಿಲ್ಲೆಗೆ ಇದೊಂದು ಹೆಮ್ಮೆಯ ವಿಷಯ. ಪರ ಊರಿನ ನೆಂಟರು ಬಂದಾಗ ಬೆರಳು ಮಾಡಿ ತೋರಿಸುತ್ತೇವೆ; ಶಾಲೆಯ ಭಾಷಣ ಸ್ಪರ್ಧೆಗಳಲ್ಲಿ ಮಕ್ಕಳಿಂದ ಹೇಳಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಇದೇ ರಸ್ತೆಯಲ್ಲಿ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ವೃದ್ಧ ರೈತರೊಬ್ಬರು ಆ ಆಂಟೆನಾಗಳನ್ನು ನೋಡುತ್ತ, “ಮೇಷ್ಟ್ರೇ, ಆಕಾಶದಾಗಿರೋದಕ್ಕೆ ಇಲ್ಲಿ ಕೂತು ದಾರಿ ತೋರಿಸ್ತಾರಂತೆ. ನಮ್ಮ ಆಲೂಗೆಡ್ಡೆಗೆ ಮಾತ್ರ ಯಾರೂ ದಾರಿ ತೋರಿಸಲಿಲ್ಲವಲ್ಲ” ಎಂದರು. ಆ ವರ್ಷ ಅವರ ಎರಡು ಎಕರೆ ಬೆಳೆ ಅಂಗಮಾರಿಗೆ ತುತ್ತಾಗಿತ್ತು. ಬಿತ್ತನೆಗೆಡ್ಡೆಗೆ, ಗೊಬ್ಬರಕ್ಕೆ, ಆಳುಗಳಿಗೆ ಮಾಡಿದ ಸಾಲ ಮಾತ್ರ ಹಾಗೆಯೇ ಉಳಿದಿತ್ತು. ವಿಜ್ಞಾನವನ್ನು ಬೋಧಿಸಿಯೇ ಬಾಳು ಸವೆಸಿದ ನನಗೆ ಆ ಹೊತ್ತಿನಲ್ಲಿ ಉತ್ತರ ಹೊಳೆಯಲಿಲ್ಲ. ಈ ಸಂಚಿಕೆಗೆ ಒಂದು ಲೇಖನ ಬರೆಯಬೇಕೆಂಬ ಸೂಚನೆ ಬಂದಾಗ ಮೊದಲು ನೆನಪಿಗೆ ಬಂದುದು ಅವರ ಆ ಮಾತೇ. ಆದುದರಿಂದ ಇದನ್ನು ಅವರಿಗೆ ಕೊಡಬೇಕಾಗಿದ್ದ, ತಡವಾಗಿ ಕೊಡುತ್ತಿರುವ ಉತ್ತರವೆಂದು ಓದುಗರು ಭಾವಿಸಬೇಕಾಗಿ ವಿನಂತಿ.

ವೈದ್ಯಕೀಯ, ಲೋಹ ಮತ್ತು ಇತರ ವಸ್ತುಗಳ ಶಾಸ್ತ್ರ, ವನ್ಯಜೀವಿ, ಕೃಷಿ ಎಂದು ಸಂಶೋಧನೆಯ ಕ್ಷೇತ್ರಗಳನ್ನು ನಾವು ಬೇರೆ ಬೇರೆಯಾಗಿ ವಿಂಗಡಿಸಿಕೊಂಡಿದ್ದೇವೆ. ವಿಶ್ವವಿದ್ಯಾನಿಲಯಗಳಲ್ಲಿ ಅವುಗಳಿಗೆ ಬೇರೆ ಬೇರೆ ಕಟ್ಟಡಗಳಿವೆ. ಆದರೆ ಹಳ್ಳಿಯ ಬದುಕಿನಲ್ಲಿ ಇಂತಹ ಗೋಡೆಗಳಿಲ್ಲ. ರೈತನ ರಾಗಿಯನ್ನು ಆನೆ ತಿನ್ನುತ್ತದೆ. ಕಾಡಿನ ಮಂಗನಿಗೆ ಬಂದ ರೋಗ ಸೌದೆಗೆ ಹೋದವನಿಗೆ ಹತ್ತುತ್ತದೆ. ನೆಲದಡಿಯ ಅದಿರು ಊಟದ ತಟ್ಟೆಯಾಗಿ ಮನೆಗೆ ಬರುತ್ತದೆ. ಈ ನಾಲ್ಕೂ ಕ್ಷೇತ್ರಗಳ ಚರಿತ್ರೆಯನ್ನು, ಅದರಲ್ಲಿಯೂ ನಮ್ಮ ನಾಡಿನಲ್ಲಿ ನಡೆದುದನ್ನು ಪರಿಶೀಲಿಸಿದರೆ ಒಂದೇ ಸತ್ಯ ಗೋಚರವಾಗುತ್ತದೆ. ಸಂಶೋಧನೆಯು ಪ್ರಯೋಗಶಾಲೆಯಲ್ಲಿ ಹುಟ್ಟುವುದಿಲ್ಲ. ಹೊಲದಲ್ಲಿ, ಕಾಡಿನಲ್ಲಿ, ಕುಲುಮೆಯಲ್ಲಿ ಯಾರೋ ಒಬ್ಬರು ಕಂಡುದನ್ನು ಲಕ್ಷ್ಯವಿಟ್ಟು ಗಮನಿಸಿದಾಗ ಹುಟ್ಟುತ್ತದೆ. ಅದು ಪ್ರಯೋಗಶಾಲೆಯಲ್ಲಿ ಮುಗಿಯುವುದೂ ಇಲ್ಲ. ಮರಳಿ ಹೊಲಕ್ಕೆ ಬರಬೇಕು, ಬಂದ ಮೇಲೂ ವರ್ಷ ವರ್ಷವೂ ಅದನ್ನು ಪರೀಕ್ಷಿಸುತ್ತಿರಬೇಕು. ಈ ಎರಡು ತುದಿಗಳೂ ನಮ್ಮ ಕೈಯಲ್ಲಿವೆ. ಅವೆರಡನ್ನೂ ನಾವು ಬಿಟ್ಟುಕೊಟ್ಟಿದ್ದೇವೆ ಎಂಬುದೇ ನನ್ನ ಆಕ್ಷೇಪ.

ಮೊದಲು ಕೃಷಿಯನ್ನು ನೋಡೋಣ. ಮಲೆನಾಡಿನ ಅಡಕೆ ತೋಟಗಳನ್ನು ಕಾಡುವ ಕೊಳೆರೋಗ ಬಹು ಹಿಂದಿನದು. ಮುಂಗಾರಿನ ಬಿರುಸಿನಲ್ಲಿ ಎಳೆಗಾಯಿಗಳು ಕೊಳೆತು ಉದುರಿ, ತೋಟದ ನೆಲವೆಲ್ಲ ಕಾಯಿಯ ಹಾಸಾಗುತ್ತಿತ್ತು. ಗೊನೆಗೆ ಮಳೆ ಹನಿ ತಾಕದಂತೆ ಕೊಟ್ಟೆ ಕಟ್ಟುವುದನ್ನು ನಮ್ಮ ಹಿರಿಯರು ತಾವೇ ಕಂಡುಕೊಂಡಿದ್ದರು. ರೋಗವು ನೀರಿನ ಮೂಲಕ ಹರಡುತ್ತದೆಂಬ ತಿಳಿವಳಿಕೆ ಆ ಕ್ರಮದಲ್ಲಿಯೇ ಅಡಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಾಸ ಮಾಡಿ, ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ವಿವರಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ 1885ರ ಹೊತ್ತಿಗೆ ಮಿಲಾರ್ಡೆ ಎಂಬ ವಿಜ್ಞಾನಿ ಪ್ರಚಾರಕ್ಕೆ ತಂದಿದ್ದ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಅಡಕೆಯ ಗೊನೆಗಳಿಗೆ ಸಿಂಪಡಿಸುವ ಪದ್ಧತಿ ಹೀಗೆ ನಮ್ಮಲ್ಲಿ ಬೇರೂರಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಇಂದಿಗೂ ಮಲೆನಾಡಿನ ಮನೆಮನೆಯ ಮಾತು.

ಕೊಳೆರೋಗವನ್ನು ತರುವ ಜೀವಿಯೂ ನಮ್ಮ ಆಲೂಗೆಡ್ಡೆಗೆ ಅಂಗಮಾರಿಯನ್ನು ತರುವ ಜೀವಿಯೂ ಒಂದೇ ಕುಲಕ್ಕೆ ಸೇರಿದವು. ಆ ಕುಲಕ್ಕೆ 1876ರಲ್ಲಿ ಜರ್ಮನಿಯ ಡಿ ಬಾರಿ ಎಂಬ ಸಸ್ಯಶಾಸ್ತ್ರಜ್ಞನು ‘ಫೈಟಾಫ್ತೊರ’ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಸಸ್ಯನಾಶಕ’ ಎಂದು. ನೋಡಲು ಬೂಷ್ಟಿನಂತಿದ್ದರೂ ಅದು ನಿಜವಾದ ಬೂಷ್ಟಲ್ಲ. ಪಾಚಿಯ ಜಾತಿಗೆ ಹತ್ತಿರದ ಸಂಬಂಧಿ. ಅದರ ಬೀಜಾಣುಗಳು ನೀರಿನ ತೆಳುವಾದ ಪೊರೆಯಲ್ಲಿ ಈಜಬಲ್ಲವು. ಮೋಡ ಮುಚ್ಚಿ, ತಂಪಾಗಿ, ಎಲೆಗಳು ಒಣಗದೆ ಒದ್ದೆಯಾಗಿಯೇ ಉಳಿದ ಕೆಲವು ದಿನಗಳು ದೊರೆತರೆ ಸಾಕು, ಹಸಿರು ಹೊಲ ವಾರದೊಳಗೆ ಸುಟ್ಟಂತಾಗುತ್ತದೆ. 1845ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಐರ್ಲೆಂಡಿನಲ್ಲಿ ಈ ರೋಗದಿಂದ ಉಂಟಾದ ಕ್ಷಾಮಕ್ಕೆ ಸುಮಾರು ಹತ್ತು ಲಕ್ಷ ಜನ ಬಲಿಯಾದರು. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ರೈತರ ದುಃಖಕ್ಕೆ ಅಷ್ಟು ಹಳೆಯ ವಂಶಾವಳಿಯಿದೆ.

ಹಾಗಾದರೆ ಸಂಶೋಧಕರು ಕೈಕಟ್ಟಿ ಕುಳಿತಿದ್ದರೇ? ಇಲ್ಲ. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯು 1968ರಲ್ಲಿ ಬಿಡುಗಡೆ ಮಾಡಿದ ‘ಕುಫ್ರಿ ಜ್ಯೋತಿ’ ತಳಿಗೆ ಅಂದು ಈ ರೋಗವನ್ನು ತಡೆಯುವ ಶಕ್ತಿಯಿತ್ತು. ಹಾಸನ ಜಿಲ್ಲೆಯ ರೈತರು ಅದನ್ನು ಮನೆಯ ಬೆಳೆಯಾಗಿ ಮಾಡಿಕೊಂಡರು. ಆದರೆ ರೋಗಾಣುವೂ ಸುಮ್ಮನಿರಲಿಲ್ಲ. ಅದು ರೂಪ ಬದಲಿಸಿತು, ತಳಿಯ ಶಕ್ತಿ ಕುಂದಿತು. ಇದರೊಡನೆ ಮತ್ತೊಂದು ತೊಡಕು ಸೇರಿಕೊಂಡಿತು. ಇಲ್ಲಿನ ಬಿತ್ತನೆಗೆಡ್ಡೆ ಬಹುಪಾಲು ದೂರದ ಪಂಜಾಬಿನ ಜಲಂಧರದಿಂದ ಬರಬೇಕಾಗಿತ್ತು. ಗೆಡ್ಡೆಯ ಜೊತೆಯಲ್ಲಿ ರೋಗವೂ ಪ್ರಯಾಣ ಮಾಡಬಲ್ಲದು. ಬಿತ್ತನೆಯ ಬೆಲೆ, ಔಷಧದ ವೆಚ್ಚ, ಹಾಳಾಗುವ ಭಯ ಇವೆಲ್ಲ ಸೇರಿ ಅನೇಕ ರೈತರು ಆಲೂಗೆಡ್ಡೆಯನ್ನು ಬಿಟ್ಟು ಮುಸುಕಿನ ಜೋಳಕ್ಕೆ ಹೋದರು. ಒಮ್ಮೆ ದೊರೆತ ಉತ್ತರ ಎಂದೆಂದಿಗೂ ಉತ್ತರವಾಗಿಯೇ ಉಳಿಯುತ್ತದೆಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹೋಬಳಿಯ ಹೊಲಗಳೇ ಸಾಕ್ಷಿ.

ಈಚೆಗೆ ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕಾ ಸಂಶೋಧನಾ ಕೇಂದ್ರದ ಮೂಲಕ ಒಂದು ಹೊಸ ಪ್ರಯತ್ನ ನಡೆದಿದೆ. ಪ್ರಯೋಗಶಾಲೆಯಲ್ಲಿ ರೋಗರಹಿತವಾಗಿ ಬೆಳೆಸಿದ ತಾಯಿಗಿಡದ ಕುಡಿಗಳನ್ನು ಕತ್ತರಿಸಿ, ಟ್ರೇಗಳಲ್ಲಿ ಬೇರು ಬರಿಸಿ, ಆ ಸಸಿಗಳಿಂದ ಬಿತ್ತನೆಗೆಡ್ಡೆಯನ್ನು ಇಲ್ಲಿಯೇ ಪಡೆಯುವ ಕ್ರಮವದು. ತಕ್ಕ ನೆರಳುಮನೆಯಿದ್ದರೆ ರೈತನೇ ಸಸಿ ಮಾಡಿಕೊಳ್ಳಬಹುದು. ಇದರ ಮಹತ್ವ ಕೇವಲ ಇಳುವರಿಯಲ್ಲಿಲ್ಲ. ಸಂಶೋಧನೆಯ ಒಂದು ಭಾಗವನ್ನು ರೈತನ ಅಂಗಳಕ್ಕೇ ತಂದಿಟ್ಟಿರುವುದರಲ್ಲಿದೆ.

ರಾಗಿಯ ಕಥೆ ಇದಕ್ಕಿಂತ ಉಜ್ವಲವಾದುದು. ರಾಗಿಯ ಹೂವು ಬಹಳ ಸಣ್ಣದು. ತನ್ನ ಪರಾಗದಿಂದ ತಾನೇ ಫಲಿಸುವಂತಹುದು. ಆದುದರಿಂದ ಎರಡು ತಳಿಗಳನ್ನು ಕೂಡಿಸುವುದು ಬಹು ತಾಳ್ಮೆಯ ಕೆಲಸ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ತಮ್ಮ ಜೀವಮಾನವನ್ನೇ ಈ ಕೆಲಸಕ್ಕೆ ಸವೆಸಿದರು. ರಾಗಿಯ ತವರು ಆಫ್ರಿಕ. ಅಲ್ಲಿನ ತಳಿಗಳನ್ನು ನಮ್ಮ ನಾಡಿನ ತಳಿಗಳೊಡನೆ ಕೂಡಿಸಿ ಅವರು ಪಡೆದ ತಳಿಗಳಿಗೆ ಇಂಡಿಯಾ ಮತ್ತು ಆಫ್ರಿಕ ಎರಡೂ ಹೆಸರುಗಳನ್ನು ಬೆಸೆದು ‘ಇಂಡಾಫ್’ ಎಂದು ಹೆಸರಿಡಲಾಯಿತು. ಜನ ಅವರನ್ನು ‘ರಾಗಿ ಬ್ರಹ್ಮ’ ಎಂದು ಕರೆದರು. ಮುಂದೆ ಬೆಂಕಿರೋಗವು ರಾಗಿಯನ್ನು ಕಾಡಿದಾಗ ಅದನ್ನು ತಡೆದುಕೊಳ್ಳುವ ‘ಜಿ.ಪಿ.ಯು. 28’ ತಳಿ ಬಂದಿತು. ಅದರ ವಂಶದಲ್ಲಿಯೂ ಇಂಡಾಫ್ ತಳಿಗಳಿವೆ. ಒಬ್ಬರ ಶ್ರಮದ ಮೇಲೆ ಮತ್ತೊಬ್ಬರು ನಿಂತು ಮುಂದುವರಿಸಿದುದರಿಂದ ನಮ್ಮ ತಟ್ಟೆಯ ಮುದ್ದೆ ಉಳಿಯಿತು. ಇಲ್ಲಿ ಸಂಶೋಧನೆ ನಿಲ್ಲಲಿಲ್ಲ, ಆದುದರಿಂದ ಸೋಲಲಿಲ್ಲ.

ಇನ್ನು ವೈದ್ಯಕೀಯಕ್ಕೆ ಬರೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದೇ ಸಮಯದಲ್ಲಿ ಸುತ್ತಣ ಹಳ್ಳಿಗಳಲ್ಲಿ ವಿಚಿತ್ರವಾದ ಜ್ವರ ಕಾಣಿಸಿಕೊಂಡು ಜನರೂ ಸಾಯತೊಡಗಿದರು. ಮಂಗದ ಸಾವಿಗೂ ಮನುಷ್ಯನ ಜ್ವರಕ್ಕೂ ಸಂಬಂಧವಿರಬೇಕೆಂಬ ಸುಳಿವು ದೊರೆತದ್ದು ಆ ಕಾಡಿನ ಅಂಚಿನಲ್ಲಿಯೇ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಲ್ಲಿಗೆ ಬಂದು, ರೋಗಕ್ಕೆ ಕಾರಣವಾದ ಹೊಸ ವೈರಸ್ಸನ್ನು ಗುರುತಿಸಿ, ಅದು ಕಾಡಿನ ಉಣುಗುಗಳ ಮೂಲಕ ಹರಡುತ್ತದೆಂದು ತೋರಿಸಿಕೊಟ್ಟರು. ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿ ಆ ರೋಗಕ್ಕೆ ನಮ್ಮ ಕಾಡಿನ ಹೆಸರೇ ನಿಂತಿತು. ನಾವು ಅದನ್ನು ‘ಮಂಗನ ಕಾಯಿಲೆ’ ಎನ್ನುತ್ತೇವೆ. ವೈದ್ಯನೂ ಕಾಡಿನ ಪ್ರಾಣಿಗಳನ್ನು ಬಲ್ಲವನೂ ಉಣುಗಿನಂತಹ ಕ್ಷುದ್ರ ಜೀವಿಗಳನ್ನು ಬಲ್ಲವನೂ ಒಂದೇ ಮೇಜಿನ ಮುಂದೆ ಕುಳಿತಿರದಿದ್ದರೆ ಈ ಗುಟ್ಟು ಬಯಲಾಗುತ್ತಿರಲಿಲ್ಲ.

ಆದರೆ ಮುಂದಿನ ಭಾಗವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಈ ರೋಗಕ್ಕೆಂದು ತಯಾರಿಸಿದ ಲಸಿಕೆಯನ್ನು ಮಲೆನಾಡಿನ ಜನರಿಗೆ ವರ್ಷಗಟ್ಟಲೆ ಕೊಡಲಾಯಿತು. ಅದರ ರಕ್ಷಣೆ ಸಾಲದೆಂಬ ಅಂಶ ಕ್ರಮೇಣ ಸ್ಪಷ್ಟವಾಗಿ, 2022ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಈ ನಡುವೆ ರೋಗವು ಸೊರಬದಲ್ಲಿಯೇ ಉಳಿಯದೆ 2012ರಿಂದೀಚೆಗೆ ಬಂಡೀಪುರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳವರೆಗೆ ಕಾಣಿಸಿಕೊಂಡಿದೆ. ಲಸಿಕೆ ಇದೆಯಲ್ಲ ಎಂಬ ಸಮಾಧಾನವು ಹೊಸ ಲಸಿಕೆಯ ಅವಶ್ಯಕತೆಯನ್ನು ಮರೆಸಿತೆಂದೇ ನನ್ನ ಅಭಿಪ್ರಾಯ. ಒಳ್ಳೆಯ ಸಂಶೋಧನೆ ತನ್ನ ಸೋಲನ್ನೂ ಬರೆದಿಡುತ್ತದೆ. ಸೋಲನ್ನು ಬೇಗ ಬರೆದಿಟ್ಟಷ್ಟೂ ಪ್ರಾಣಗಳು ಉಳಿಯುತ್ತವೆ. ಇಂದಿಗೂ ಆ ಪ್ರದೇಶಗಳಲ್ಲಿ ಮೊದಲ ಎಚ್ಚರಿಕೆ ನೀಡುವುದು ಯಂತ್ರವಲ್ಲ. ಕಾಡಿನಲ್ಲಿ ಸತ್ತ ಮಂಗವನ್ನು ಕಂಡು, ಅದನ್ನು ಮುಟ್ಟದೆ, ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸುವ ಸಾಮಾನ್ಯ ಮನುಷ್ಯ.

ಕಾಡಿನ ಮಾತು ಬಂದಾಗ ನಮ್ಮ ಜಿಲ್ಲೆಯವರು ಆನೆಯನ್ನು ಮರೆಯುವಂತಿಲ್ಲ. ಆಲೂರು, ಸಕಲೇಶಪುರ, ಬೇಲೂರು, ಅರಕಲಗೂಡು ತಾಲ್ಲೂಕುಗಳಲ್ಲಿ ಆನೆಯ ಕಾಟದಿಂದ ಬೆಳೆ ಕಳೆದುಕೊಂಡವರೂ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಆನೆಯೂ ಸತ್ತಿದೆ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ, ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನನೇ ಮಡಿದನು. ನಾಡೆಲ್ಲ ಕಣ್ಣೀರಿಟ್ಟಿತು. ಕಣ್ಣೀರು ಸಹಜವಾದುದು, ಆದರೆ ಆನೆ ಹೊಲಕ್ಕೆ ಏಕೆ ಬರುತ್ತದೆ ಎಂಬ ಪ್ರಶ್ನೆಯನ್ನು ಕಣ್ಣೀರು ಬಿಡಿಸಲಾರದು.

ಆ ಪ್ರಶ್ನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು 1980ರ ದಶಕದ ಆರಂಭದಲ್ಲಿಯೇ ಕೈಗೆತ್ತಿಕೊಂಡರು. ಬಿಳಿಗಿರಿರಂಗನ ಬೆಟ್ಟದ ಸುತ್ತಣ ಕಾಡು ಮತ್ತು ಹೊಲಗಳಲ್ಲಿ ಅವರು ಆನೆಗಳನ್ನು ಹಿಂಬಾಲಿಸಿ ಅಭ್ಯಾಸ ಮಾಡಿದರು. ಹೆಣ್ಣಾನೆಗಳ ಹಿಂಡಿಗಿಂತ ವಯಸ್ಕ ಗಂಡಾನೆಗಳು ಹೊಲಕ್ಕೆ ನುಗ್ಗುವುದು ಎಷ್ಟೋ ಪಾಲು ಹೆಚ್ಚು. ರಾಗಿಯಂತಹ ಬೆಳೆಯಲ್ಲಿ ಕಾಡಿನ ಹುಲ್ಲಿಗಿಂತ ಸಸಾರಜನಕ, ಸುಣ್ಣದ ಅಂಶ, ಉಪ್ಪಿನ ಅಂಶಗಳು ಹೆಚ್ಚಾಗಿರುವುದು ಅವುಗಳನ್ನು ಸೆಳೆಯುತ್ತದೆ ಎಂದು ಅವರು ತೋರಿಸಿದರು. ಮಂಡ್ಯದ ವಿಜ್ಞಾನಿ ಮನುಷ್ಯನಿಗೆಂದು ಪೋಷಿಸಿದ ರಾಗಿಯ ಸತ್ವವನ್ನು ಆನೆಯೂ ಬಲ್ಲದು! ಮುಂದೆ ಕರ್ನಾಟಕ ಉಚ್ಚ ನ್ಯಾಯಾಲಯದ ಸೂಚನೆಯಂತೆ ರಚಿತವಾದ ಆನೆ ಕಾರ್ಯಪಡೆಯು ಅವರ ನೇತೃತ್ವದಲ್ಲಿ 2012ರಲ್ಲಿ ವರದಿ ಸಲ್ಲಿಸಿತು. ನಮ್ಮ ಜಿಲ್ಲೆಯಲ್ಲಿ ಅರಣ್ಯ ಇಲಾಖೆ ಮತ್ತು ವನ್ಯಜೀವಿ ಸಂಶೋಧಕರು ಸೇರಿ ಕೆಲವು ಆನೆಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ, ಹಿಂಡು ಎಲ್ಲಿದೆಯೆಂಬುದನ್ನು ಮೊಬೈಲ್ ಸಂದೇಶದ ಮೂಲಕವೂ ರಸ್ತೆಬದಿಯ ಎಚ್ಚರಿಕೆ ದೀಪಗಳ ಮೂಲಕವೂ ಜನರಿಗೆ ತಿಳಿಸುವ ವ್ಯವಸ್ಥೆ ಮಾಡಿದ್ದಾರೆ. ಆದರೆ ಎಲ್ಲ ಆನೆಗೂ ಪಟ್ಟಿಯಿಲ್ಲ. ಪಟ್ಟಿಯಿಲ್ಲದ ಆನೆಯ ಸುದ್ದಿ ತೋಟದ ಕೂಲಿಕಾರರಿಂದ, ದಾರಿಹೋಕರಿಂದ ಬರಬೇಕು. ಇಲ್ಲಿಯೂ ಕಂಡವನ ಕಣ್ಣೇ ಮೊದಲು.

ಕೊನೆಯದಾಗಿ ವಸ್ತುವಿಜ್ಞಾನ. ಇದು ನಮಗೆ ದೂರದ ವಿಷಯವೆಂದು ತೋರಬಹುದು. ವಿದ್ಯಾರ್ಥಿಗಳು ಮಧ್ಯಾಹ್ನ ಊಟಕ್ಕೆ ಹಿಡಿಯುವ ಸ್ಟೀಲ್ ತಟ್ಟೆಯನ್ನು ಒಮ್ಮೆ ದಿಟ್ಟಿಸಿ ನೋಡಲಿ. ಅದು ತುಕ್ಕು ಹಿಡಿಯದಿರಲು ಕಾರಣ ಕಬ್ಬಿಣದೊಡನೆ ಬೆರೆತಿರುವ ಕ್ರೋಮಿಯಂ ಲೋಹ. ಅದು ಶೇಕಡ ಹತ್ತೂವರೆಗಿಂತ ಕಡಿಮೆಯಿರಬಾರದು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತನು 1913ರಲ್ಲಿ ಸವೆಯದ ಬಂದೂಕಿನ ನಳಿಗೆಗೆ ತಕ್ಕ ಉಕ್ಕನ್ನು ಹುಡುಕುತ್ತಿದ್ದಾಗ ಈ ಗುಣವನ್ನು ಗಮನಿಸಿದನು. ಕ್ರೋಮಿಯಂ ದೊರೆಯುವುದು ಕ್ರೋಮೈಟ್ ಎಂಬ ಅದಿರಿನಿಂದ. ಆ ಅದಿರಿನ ಗಣಿ ನಮ್ಮ ಜಿಲ್ಲೆಯಲ್ಲಿಯೇ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಶಿಲಾಪಟ್ಟಿಯಲ್ಲಿರುವ ಭೈರಾಪುರದಲ್ಲಿದೆ. ಅದಿರು ನಮ್ಮ ನೆಲದಲ್ಲಿತ್ತು. ಪ್ರಶ್ನೆ ಮಾತ್ರ ಬೇರೆಯವರ ಮನಸ್ಸಿನಲ್ಲಿ ಹುಟ್ಟಿತು.

ಒಂದು ಕಾಲದಲ್ಲಿ ಲೋಹದ ಪ್ರಶ್ನೆಗಳೂ ನಮ್ಮಲ್ಲಿಯೇ ಹುಟ್ಟುತ್ತಿದ್ದವು. ಕಬ್ಬಿಣದ ಚೂರುಗಳನ್ನು ಸೌದೆಯ ಚೂರು, ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ, ಕುಲುಮೆಯಲ್ಲಿ ಕಾಯಿಸಿ ಉಕ್ಕು ಮಾಡುವ ವಿದ್ಯೆ ದಕ್ಷಿಣ ಭಾರತದ್ದು. ಆ ಉಕ್ಕು ಪಶ್ಚಿಮ ದೇಶಗಳಿಗೆ ಹೋಗಿ ‘ವೂಟ್ಸ್’ ಎಂದು ಹೆಸರಾಯಿತು. ನಮ್ಮ ‘ಉಕ್ಕು’ ಎಂಬ ಪದವೇ ಅದರ ಮೂಲವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ವಿದ್ಯುತ್ತಿನ ಸಂಶೋಧನೆಯಿಂದ ಪ್ರಖ್ಯಾತನಾದ ಮೈಕೆಲ್ ಫ್ಯಾರಡೆಯು ಅದಕ್ಕೂ ಮೊದಲು ಈ ಉಕ್ಕನ್ನು ಪರೀಕ್ಷಿಸಿ, ಅದರ ಗುಟ್ಟು ತಿಳಿಯಲೆಂದು ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿ ನೋಡಿದನು. ದಮಾಸ್ಕಸ್ಸಿನ ಖಡ್ಗಗಳು ಇಂತಹ ಉಕ್ಕಿನಿಂದಾದವು. 2006ರಲ್ಲಿ ಜರ್ಮನಿಯ ವಿಜ್ಞಾನಿಗಳು ಅಂತಹ ಹಳೆಯ ಖಡ್ಗವೊಂದರಲ್ಲಿ ಇಂಗಾಲದ ಅತಿಸೂಕ್ಷ್ಮ ನಳಿಕೆಗಳಿರುವುದನ್ನು ಕಂಡರು. ಇಂಗಾಲದ ಅದೇ ಸೂಕ್ಷ್ಮ ನಳಿಕೆಗಳು ನಮ್ಮ ಕಾಲದ ವಸ್ತುವಿಜ್ಞಾನದ ಮುಖ್ಯ ವಿಷಯ, ಭಾರತರತ್ನ ಸಿ.ಎನ್.ಆರ್. ರಾವ್ ಅವರು ಬೆಂಗಳೂರಿನಲ್ಲಿ ಅಭ್ಯಾಸ ಮಾಡಿದ ವಿಷಯಗಳಲ್ಲಿ ಅದೂ ಒಂದು.

ಆ ಕುಲುಮೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಆರಿಹೋದವು. ಉಕ್ಕು ಮಾಡುತ್ತಿದ್ದವರ ಕೈಗಳಿಗೆ ತಿಳಿದಿದ್ದುದು ಕಾಗದದ ಮೇಲೆ ಬರಲಿಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕನನ್ ಎಂಬ ಪರದೇಶಿಯು ತಾನು ಕಂಡ ಕುಲುಮೆಗಳನ್ನು ಬರೆದಿಟ್ಟುದರಿಂದ ಅಷ್ಟಾದರೂ ನಮಗೆ ತಿಳಿದಿದೆ. ನಮ್ಮ ಮನೆಯ ವಿದ್ಯೆಯನ್ನು ನಾವು ಪರಕೀಯರ ದಿನಚರಿಯಿಂದ ಕಲಿಯಬೇಕಾದ ದುರ್ಗತಿ ಬಂದುದೇಕೆ? ಮಾಡಿದವನಿಗೆ ಅಕ್ಷರವಿರಲಿಲ್ಲ, ಅಕ್ಷರವಿದ್ದವನು ಕುಲುಮೆಯ ಬಳಿ ಸುಳಿಯಲಿಲ್ಲ. ಕೈಗೂ ಲೇಖನಿಗೂ ನಡುವೆ ಎದ್ದ ಆ ಗೋಡೆಯ ದಂಡವನ್ನು ಇಂದಿಗೂ ನಾವು ತೆರುತ್ತಿದ್ದೇವೆ.

ಈ ಗೋಡೆ ಇನ್ನೂ ಬಿದ್ದಿಲ್ಲವೆಂಬುದಕ್ಕೆ ನನ್ನದೇ ಅನುಭವ ಹೇಳುತ್ತೇನೆ. ನಾನು ಹುಡುಗನಾಗಿದ್ದಾಗ ನಮ್ಮ ತಂದೆಯವರ ಆಲೂಗೆಡ್ಡೆ ಹೊಲವೂ ಒಂದು ಮುಂಗಾರಿನಲ್ಲಿ ಕಪ್ಪಾಯಿತು. ಕೃಷಿ ಅಧಿಕಾರಿಗಳೊಬ್ಬರು ಊರಿಗೆ ಬಂದು ಅಕ್ಕರೆಯಿಂದಲೇ ವಿಚಾರಿಸಿದರು: ಎಲೆಯ ಮೇಲೆ ಮೊದಲ ಚುಕ್ಕೆ ಕಂಡದ್ದು ಯಾವ ದಿನ? ಅದಕ್ಕೆ ಮುಂಚೆ ಎಷ್ಟು ದಿನ ಸತತವಾಗಿ ಮಳೆ ಬಿದ್ದಿತ್ತು? ಮೊದಲು ಯಾರ ಹೊಲದಲ್ಲಿ? ಊರಿನ ಹಿರಿಯರೆಲ್ಲ ನೆರೆದಿದ್ದರು. ಹತ್ತಾರು ವರ್ಷ ಆಲೂಗೆಡ್ಡೆ ಬೆಳೆದ ಕೈಗಳು ಅಲ್ಲಿದ್ದವು. ಒಬ್ಬರಿಗೂ ನಿಖರವಾದ ಉತ್ತರ ಗೊತ್ತಿರಲಿಲ್ಲ. ನಾನು ಶಾಲೆಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ಪಡೆಯುತ್ತಿದ್ದ ಹುಡುಗ. ಅದೇ ಹೊಲದ ಬದುವಿನ ಮೇಲೆ ದಿನವೂ ಶಾಲೆಗೆ ನಡೆದು ಹೋಗುತ್ತಿದ್ದೆ. ನನಗೂ ಗೊತ್ತಿರಲಿಲ್ಲ. ಆ ಅಧಿಕಾರಿಗಳು ಪುಸ್ತಕ ಮುಚ್ಚಿಕೊಂಡು ಹೊರಟ ದೃಶ್ಯ ನನ್ನ ಕಣ್ಣಿನಿಂದ ಮರೆಯಾಗಿಲ್ಲ. ಯಾರ ತಪ್ಪೂ ಅಲ್ಲ. ನಮಗೆ ನೋಡುವುದನ್ನು ಯಾರೂ ಕಲಿಸಿರಲಿಲ್ಲ.

ಆದುದರಿಂದ ನನ್ನ ಸಲಹೆ ಸರಳವಾದುದು. ಗ್ರಾಮಾಂತರದ ಪ್ರತಿಯೊಂದು ಪ್ರೌಢಶಾಲೆಯೂ ‘ಕಂಡದ್ದರ ಪುಸ್ತಕ’ವೊಂದನ್ನು ಇಡಲಿ. ಅದರಲ್ಲಿ ಐದೇ ಅಂಕಣಗಳು: ದಿನಾಂಕ, ಅಂದಿನ ಮಳೆ, ಕಂಡ ಸಂಗತಿ, ಕಂಡ ಸ್ಥಳ, ಕಂಡವರ ಹೆಸರು. ಆಲೂಗೆಡ್ಡೆಯ ಎಲೆಯ ಮೇಲಿನ ಮೊದಲ ಚುಕ್ಕೆ, ಜೋಳದ ಸುಳಿಯಲ್ಲಿ ಮೊದಲ ಹುಳು, ರಾಗಿಯ ತೆನೆಯಲ್ಲಿ ಮೊದಲ ಬೆಂಕಿರೋಗ, ಊರಿನ ಅಂಚಿನಲ್ಲಿ ಆನೆಯ ಲದ್ದಿ, ಹಾವು ಕಚ್ಚಿದ ಪ್ರಕರಣ, ಕೆರೆ ತುಂಬಿದ ದಿನ ಇವುಗಳಲ್ಲಿ ಯಾವುದೂ ಸಣ್ಣದಲ್ಲ. ಮೂರು ನಿಯಮಗಳಿರಲಿ. ಕೇಳಿದ್ದನ್ನಲ್ಲ, ಕಂಡದ್ದನ್ನೇ ಬರೆಯಬೇಕು. ಬರೆದುದನ್ನು ಆಮೇಲೆ ತಿದ್ದಬಾರದು. ಏನೂ ಕಾಣದ ದಿನ ‘ಏನೂ ಕಾಣಲಿಲ್ಲ’ ಎಂದು ತಪ್ಪದೆ ಬರೆಯಬೇಕು. ಈ ಮೂರನೆಯ ನಿಯಮವನ್ನು ಪಾಲಿಸಬಲ್ಲ ವಿದ್ಯಾರ್ಥಿ ಅರ್ಧ ವಿಜ್ಞಾನಿಯಾದಂತೆಯೇ. ಮಕ್ಕಳು ಆನೆಯನ್ನು ಅರಸಿ ಕಾಡಿಗೆ ಹೋಗುವುದಾಗಲಿ, ಸತ್ತ ಪ್ರಾಣಿಯನ್ನು ಮುಟ್ಟುವುದಾಗಲಿ ಸರ್ವಥಾ ಕೂಡದು. ಹಿರಿಯರು ಕಂಡುದನ್ನು ಅವರ ಹೆಸರಿನಲ್ಲಿಯೇ ಬರೆದರೆ ಸಾಕು.

ಇದಕ್ಕೆ ಎದುರಾಡುವವರ ಮಾತನ್ನೂ ನಾನು ಕೇಳಿದ್ದೇನೆ. ಮಳೆಯನ್ನು ಅಳೆಯಲು ಸರ್ಕಾರವೇ ಪಂಚಾಯಿತಿಗಳಲ್ಲಿ ಯಂತ್ರಗಳನ್ನಿಟ್ಟಿದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಇಟ್ಟಿರುವುದು ನಿಜ, ಉಪಯುಕ್ತವೂ ಹೌದು. ಆದರೆ ಯಂತ್ರ ಮಳೆಯನ್ನು ಅಳೆಯುತ್ತದೆ. ಎಲೆಯ ಮೇಲಿನ ಚುಕ್ಕೆಯನ್ನು ಅಳೆಯುವುದಿಲ್ಲ. ಪರೀಕ್ಷೆಯ ಹೊರೆಯೇ ಹೆಚ್ಚಾಗಿರುವಾಗ ಮಕ್ಕಳಿಗೆ ಇದೊಂದು ಹೊಸ ಹೊರೆಯಾಗದೆ ಎಂದು ಪೋಷಕರು ಕೇಳುತ್ತಾರೆ. ದಿನಕ್ಕೆ ಹತ್ತು ನಿಮಿಷದ ಕೆಲಸ, ಅದೂ ಸರದಿಯಂತೆ. ಪಾಠದ ಪುಸ್ತಕದಲ್ಲಿ ‘ಪ್ರಯೋಗ, ವೀಕ್ಷಣೆ, ತೀರ್ಮಾನ’ ಎಂದು ಉರುಹೊಡೆಯುವ ಮಗುವಿಗೆ ವೀಕ್ಷಣೆಯೆಂದರೆ ಏನೆಂದು ತಿಳಿಯುವುದು ಹೊರೆಯೆನಿಸಲಾರದು. ಮಕ್ಕಳ ಗೀಚುಬರಹವನ್ನು ವಿಜ್ಞಾನಿಗಳು ನೋಡುವರೇ ಎಂಬುದು ಮೂರನೆಯ ಆಕ್ಷೇಪ. ಇದು ಗಟ್ಟಿಯಾದ ಆಕ್ಷೇಪ. ಒಂದು ವರ್ಷದ ಪುಸ್ತಕಕ್ಕೆ ಬೆಲೆ ಕಡಿಮೆಯೇ. ಹತ್ತು ವರ್ಷ ಬಿಡದೆ ಬರೆದ ಪುಸ್ತಕಕ್ಕೆ, ಹತ್ತು ಶಾಲೆಗಳು ಒಂದೇ ಕ್ರಮದಲ್ಲಿ ಬರೆದ ಪುಸ್ತಕಗಳಿಗೆ ಬೆಲೆ ಬಂದೇ ಬರುತ್ತದೆ. ಪ್ರತಿವರ್ಷ ಅದರ ಪ್ರತಿಯನ್ನು ಕಾರೆಕೆರೆಯ ಕೃಷಿ ಮಹಾವಿದ್ಯಾಲಯಕ್ಕೂ ಸೋಮನಹಳ್ಳಿ ಕಾವಲಿನ ಕೇಂದ್ರಕ್ಕೂ ಒಪ್ಪಿಸೋಣ. ಪ್ರಶ್ನೆ ಕೇಳುವ ಹಕ್ಕು ನಮ್ಮದಾಗುವುದು ಹಾಗೆಯೇ.

ಬೇಗ ಗಮನಿಸುವುದರಿಂದ ಏನು ಲಾಭವೆಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. ಅಮೆರಿಕ ಖಂಡದಿಂದ ಆಫ್ರಿಕಕ್ಕೆ ದಾಟಿದ್ದ ಸೈನಿಕ ಹುಳುವನ್ನು ಭಾರತದಲ್ಲಿ ಮೊಟ್ಟಮೊದಲು ಗುರುತಿಸಿದ್ದು 2018ರಲ್ಲಿ, ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ. ಇದು ಬೇರೆಯ ಹುಳು ಎಂದು ಗಮನಿಸಿದವರಿದ್ದುದರಿಂದ ಇಡೀ ದೇಶಕ್ಕೆ ಎಚ್ಚರಿಕೆ ಹೋಯಿತು. ಹಾಗೆಯೇ 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಯಾವ ಹಾವು, ಯಾವ ಹೊಲ, ಯಾವ ತಿಂಗಳು ಎಂಬ ಲೆಕ್ಕವೇ ಇಲ್ಲದಿದ್ದರೆ ಔಷಧವನ್ನು ಎಲ್ಲಿ ಸಿದ್ಧವಾಗಿಟ್ಟುಕೊಳ್ಳಬೇಕೆಂದು ಯಾರು ಹೇಳಬಲ್ಲರು? ಲೆಕ್ಕಕ್ಕೆ ಸೇರದ ಸಾವು ಸಂಶೋಧಕನ ಕಣ್ಣಿಗೆ ಬೀಳುವುದಿಲ್ಲ.

ಈಗ ಬಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಮರಳುತ್ತೇನೆ. ಆ ಹಿರಿಯರ ಮಾತು ಪೂರ್ತಿ ನಿಜವಲ್ಲ. ಹಾಸನದಿಂದ ನಿಯಂತ್ರಿತವಾಗುವ ಇನ್ಸಾಟ್ ಉಪಗ್ರಹಗಳಲ್ಲಿ ಕೆಲವು ಮೋಡಗಳ ಚಿತ್ರಗಳನ್ನು ಕಳುಹಿಸುತ್ತವೆ. 2024ರ ಫೆಬ್ರವರಿಯಲ್ಲಿ ಉಡಾಯಿಸಿದ ಇನ್ಸಾಟ್-3ಡಿಎಸ್ ಇಂತಹ ಹವಾಮಾನ ಉಪಗ್ರಹವೇ. ನಾಲ್ಕು ದಿನ ಮೋಡ ಕವಿದಿರುತ್ತದೆಯೇ, ಮಳೆ ಹಿಡಿಯುತ್ತದೆಯೇ ಎಂಬ ಮುನ್ಸೂಚನೆಗೆ ಆ ಚಿತ್ರಗಳು ಆಧಾರ. ಅಂಗಮಾರಿಗೆ ಔಷಧವನ್ನು ರೋಗ ಕಾಣುವ ಮೊದಲೇ ಸಿಂಪಡಿಸಿದರೆ ಮಾತ್ರ ಹೆಚ್ಚಿನ ಫಲವೆಂಬುದನ್ನು ನೆನೆದರೆ, ಆ ಬಿಳಿಯ ಬೋಗುಣಿಗಳು ಆಲೂಗೆಡ್ಡೆಗೂ ದಾರಿ ತೋರಿಸುತ್ತಲೇ ಇವೆ ಎನ್ನಬೇಕು.

ಆದರೂ ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಆಕಾಶದ ಕಣ್ಣು ಮೋಡವನ್ನು ಕಾಣುತ್ತದೆ. ಮೋಡದ ಕೆಳಗಿರುವ ಎಲೆಯ ಬೆನ್ನಿನ ಮೇಲಿನ ಚುಕ್ಕೆಯನ್ನು ಕಾಣುವುದಿಲ್ಲ. ಅದನ್ನು ಕಾಣಬೇಕಾದುದು ಹೊಲದ ಕಣ್ಣು. ಆ ಎರಡು ಕಣ್ಣುಗಳು ಒಂದನ್ನೊಂದು ಸೇರಿದಾಗಲೇ ನೋಟ ಪೂರ್ಣವಾಗುತ್ತದೆ. ಆಕಾಶದ ಕಣ್ಣನ್ನು ರಾಷ್ಟ್ರವು ಅಪಾರ ಹಣ ವ್ಯಯಿಸಿ, ನಮ್ಮ ಸಾಲಗಾಮೆ ರಸ್ತೆಯಲ್ಲಿಯೇ ನೆಲೆಗೊಳಿಸಿದೆ. ಹೊಲದ ಕಣ್ಣನ್ನು ತೆರೆಸಲು ಬೇಕಾದುದು ಒಂದು ದಪ್ಪ ನೋಟ್ ಪುಸ್ತಕ, ನೇರವಾದ ಗೋಡೆಯುಳ್ಳ ಒಂದು ಮಳೆ ಅಳೆಯುವ ಪಾತ್ರೆ, ಮತ್ತು ಪ್ರತಿದಿನ ತಪ್ಪದೆ ನೋಡುವೆನೆಂಬ ಒಬ್ಬ ಹುಡುಗ ಅಥವಾ ಹುಡುಗಿ.

ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ. ಬರುವ ಮುಂಗಾರಿನಲ್ಲಿ ಶಾಲೆಗೆ ನಡೆದು ಬರುವಾಗ ದಾರಿಯ ಬದುವಿನಲ್ಲಿ ಒಂದು ಕ್ಷಣ ನಿಂತು ಎಲೆಯನ್ನು ಮಗುಚಿ ನೋಡಿರಿ. ಕಂಡುದನ್ನು ದಿನಾಂಕದೊಡನೆ ಬರೆದಿಡಿರಿ. ಮುಂದೆ ಯಾರಾದರೂ ನಿಮ್ಮ ಊರಿಗೆ ಬಂದು “ಮೊದಲ ಚುಕ್ಕೆ ಕಂಡದ್ದು ಯಾವ ದಿನ?” ಎಂದು ಕೇಳಿದರೆ, ನಾನು ನಿಂತಂತೆ ತಲೆ ತಗ್ಗಿಸಿ ನಿಲ್ಲುವ ಸ್ಥಿತಿ ನಿಮಗೆ ಬಾರದಿರಲಿ.